ಕೇಳಿ, ಹೇಳುತ್ತೇವೆ: 1942ರ ಸುತ್ತ ಓದುಗರ ಪ್ರಶ್ನೆಗಳು

ಚಲೇಜಾವ್ ಚಳವಳಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಹಾಕಿದ್ದೆವು. ಅದನ್ನು ಓದಿ ತುಂಬಾ ಜನ ಬರೆದಿದ್ದಾರೆ. ಯುದ್ಧದ ಬಗ್ಗೆ ಕೇಳಿದವರಿದ್ದಾರೆ, ಈಸೂರಿನ ಬಗ್ಗೆ ಕೇಳಿದವರಿದ್ದಾರೆ, ಅಜ್ಜಿಯ ಜಾತಕ ಯಾಕೆ ತಾಳೆಯಾಗುತ್ತಿಲ್ಲ ಎಂದು ಕೇಳಿದವರೂ ಇದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಒಂದೇ ವರ್ಷಕ್ಕೆ. ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ ಚಿತ್ರಭಾನು ಸಂವತ್ಸರಕ್ಕೆ.

ಪ್ರಶ್ನೆ: ನಾನು ಹೈಸ್ಕೂಲು ಶಿಕ್ಷಕ. ಪುಸ್ತಕದಲ್ಲಿ ಎರಡನೇ ಮಹಾಯುದ್ಧ ಒಂದು ಪಾಠ, ಕ್ವಿಟ್ ಇಂಡಿಯಾ ಇನ್ನೊಂದು ಪಾಠ. ಮಕ್ಕಳು ‘1942ರ ಆಗಸ್ಟಿನಲ್ಲೇ ಯಾಕೆ ಸರ್?’ ಎಂದು ಕೇಳುತ್ತಾರೆ. ಏನು ಹೇಳಲಿ? (ಹಾವೇರಿ)

ಉತ್ತರ: ಎರಡೂ ಪಾಠ ಒಟ್ಟಿಗೆ ಓದಿಸಿ ಮೇಷ್ಟ್ರೇ. ಆ ವರ್ಷದ ಮಟ್ಟಿಗೆ ಅವು ಬೇರೆ ಬೇರೆ ಅಲ್ಲವೇ ಅಲ್ಲ. ಫೆಬ್ರವರಿ 15ಕ್ಕೆ ಸಿಂಗಪುರ ಬಿತ್ತು. ಅದು ಯಾರೂ ಗೆಲ್ಲಲಾಗದ ಕೋಟೆ ಎಂದು ಬ್ರಿಟಿಷರು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದರು. ಜನರಲ್ ಪರ್ಸಿವಲ್ ಬುಕಿಟ್ ತಿಮಾದ ಫೋರ್ಡ್ ಕಾರ್ಖಾನೆಗೆ ನಡೆದುಹೋಗಿ ಜಪಾನಿನ ಯಮಾಶಿತನ ಎದುರು ಶರಣಾಗತಿಗೆ ಸಹಿ ಹಾಕಿದ. ಮಾರ್ಚ್ 8ಕ್ಕೆ ರಂಗೂನ್ ಕೈತಪ್ಪಿತು, ಮಾರ್ಚ್ 23ಕ್ಕೆ ಅಂಡಮಾನಿನ ಪೋರ್ಟ್ ಬ್ಲೇರ್. ಏಪ್ರಿಲ್ 5ಕ್ಕೆ ಕೊಲಂಬೊ ಮೇಲೆ ಬಾಂಬು ಬಿತ್ತು, ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ. ಮದ್ರಾಸಿನಲ್ಲಿ ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಸರ್ಕಾರವೇ ತನ್ನ ಎಷ್ಟೋ ಕಚೇರಿಗಳನ್ನು ಒಳನಾಡಿನ ಊರುಗಳಿಗೆ ಸಾಗಿಸಿತು. ನಮ್ಮನ್ನು ಕಾಯುತ್ತೇವೆ ಎಂದು ಆಳುತ್ತಿದ್ದವರೇ ಓಡುತ್ತಿದ್ದಾರೆ ಎಂದು ಸಾಮಾನ್ಯ ಜನಕ್ಕೆ ಕಣ್ಣಾರೆ ಕಂಡಿತು.

ಅದೇ ಮಾರ್ಚಿನಲ್ಲಿ ಚರ್ಚಿಲ್ ತನ್ನ ಮಂತ್ರಿ ಸ್ಟ್ಯಾಫರ್ಡ್ ಕ್ರಿಪ್ಸ್ ಅವರನ್ನು ದೆಹಲಿಗೆ ಕಳಿಸಿದ್ದು ಸುಮ್ನೆ ಅಲ್ಲ. ಯುದ್ಧ ಮುಗಿದ ಮೇಲೆ ಡೊಮಿನಿಯನ್ ಸ್ಥಾನ (ಬ್ರಿಟಿಷ್ ದೊರೆಯ ಕೆಳಗೇ ಸ್ವಂತ ಆಡಳಿತ) ಕೊಡುತ್ತೇವೆ, ಬೇಡವೆನಿಸಿದ ಪ್ರಾಂತ್ಯ ಹೊರಗುಳಿಯಬಹುದು, ರಕ್ಷಣೆ ಮಾತ್ರ ಈಗ ನಮ್ಮ ಕೈಯಲ್ಲೇ ಇರಲಿ. ಇದು ಅವರು ತಂದ ಮಾತು. ಕಾಂಗ್ರೆಸ್ಸೂ ಒಪ್ಪಲಿಲ್ಲ, ಮುಸ್ಲಿಂ ಲೀಗೂ ಒಪ್ಪಲಿಲ್ಲ. ಏಪ್ರಿಲ್‌ನಲ್ಲಿ ಕ್ರಿಪ್ಸ್ ಬರಿಗೈಲಿ ವಾಪಸಾದರು. ಜುಲೈ 14ರಂದು ವಾರ್ಧಾದಲ್ಲಿ ಕಾಂಗ್ರೆಸ್ ಕಾರ್ಯಕಾರಿಣಿ ಮಾಡಿದ ನಿರ್ಣಯವನ್ನು ನಿಮ್ಮ ಮಕ್ಕಳಿಗೆ ಓದಿ ಹೇಳಿ. ಮಲಯ, ಸಿಂಗಪುರ, ಬರ್ಮಾಗಳಿಗೆ ಬಂದ ಗತಿ ನಮಗೆ ಬರಬಾರದು ಎಂದು ಅದರಲ್ಲೇ ಇದೆ. ‘ಆಗಸ್ಟಿನಲ್ಲೇ ಯಾಕೆ’ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಆಗಸ್ಟ್ 8ರ ರಾತ್ರಿ ಬೊಂಬಾಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಗಾಂಧೀಜಿ ‘ಮಾಡು ಇಲ್ಲವೇ ಮಡಿ’ ಎಂದರು. ಬೆಳಗಾಗುವಷ್ಟರಲ್ಲಿ ಅವರು ಬಂಧನದಲ್ಲಿದ್ದರು. ಅವರನ್ನು ಪುಣೆಯ ಆಗಾ ಖಾನ್ ಅರಮನೆಯಲ್ಲಿಟ್ಟರು. ನೆಹರೂ, ಪಟೇಲ್, ಆಜಾದ್ ಮೊದಲಾದವರನ್ನು ಅಹಮದ್‌ನಗರ ಕೋಟೆಗೆ ಕಳಿಸಿದರು. ಒಂದೇ ವಾರದಲ್ಲಿ, ಆಗಸ್ಟ್ 15ಕ್ಕೆ, ಗಾಂಧೀಜಿಯವರ ಕಾರ್ಯದರ್ಶಿ ಮಹಾದೇವ ದೇಸಾಯಿ ಬಂಧನದಲ್ಲೇ ತೀರಿಕೊಂಡರು. ಅವರಿಗಿನ್ನೂ 50 ವರ್ಷ. ಐದು ವರ್ಷದ ನಂತರ ಅದೇ ತಾರೀಖಿಗೆ ದೇಶ ಸ್ವತಂತ್ರವಾಯಿತು, ಆ ದಿನ ಅವರ ಹೆಸರು ನೆನೆಯುವವರು ಕಡಿಮೆ ಎನ್ನುವುದು ನನ್ನ ಬಹಳ ದಿನದ ಬೇಸರ.

ನಾಯಕರೆಲ್ಲ ಒಳಗೆ ಹೋದ ಮೇಲೆ ಚಳವಳಿ ನಡೆಸಿದ್ದು ವಿದ್ಯಾರ್ಥಿಗಳು, ಮಿಲ್ ಕಾರ್ಮಿಕರು, ಹಳ್ಳಿಯವರು. ಬೊಂಬಾಯಿಯಲ್ಲಿ 22 ವರ್ಷದ ಉಷಾ ಮೆಹ್ತಾ ಗೆಳೆಯರ ಜೊತೆ ಸೇರಿ ಗುಪ್ತ ರೇಡಿಯೊ ನಡೆಸಿದರು. 42.34 ಮೀಟರ್ ತರಂಗಾಂತರದಲ್ಲಿ ‘ಕಾಂಗ್ರೆಸ್ ರೇಡಿಯೊ’ ಆಗಸ್ಟ್ 27ರಿಂದ ನವೆಂಬರ್ 12ರವರೆಗೆ ಮಾತಾಡಿತು. ಪೊಲೀಸರು ಬೆನ್ನು ಹತ್ತಿದ್ದರಿಂದ ಯಂತ್ರವನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೊತ್ತು ತಿರುಗಬೇಕಿತ್ತು. ಕೊನೆಗೆ ಸಿಕ್ಕಿಬಿದ್ದರು, ಉಷಾ ಅವರಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು. ಆಗಸ್ಟ್ ಕೊನೆಗೇ ವೈಸರಾಯ್ ಲಿನ್ಲಿತ್‌ಗೋ ಚರ್ಚಿಲ್‌ಗೆ ತಂತಿ ಕಳಿಸಿದ್ದ: 1857ರ ನಂತರ ಇಷ್ಟು ಗಂಭೀರ ಬಂಡಾಯ ಆಗಿಲ್ಲ ಎಂದು. ಯುದ್ಧದ ನಡುವೆ ಈ ಸುದ್ದಿ ಹೊರಗೆ ಗೊತ್ತಾಗಬಾರದು ಎನ್ನುವುದೂ ಅವನ ಚಿಂತೆಯಾಗಿತ್ತು. ನೋಡಿ, ಅಲ್ಲೂ ಯುದ್ಧವೇ.

ಪ್ರಶ್ನೆ: ಆಜಾದ್ ಹಿಂದ್ ಫೌಜು ಶುರುವಾದದ್ದು 1942ರಲ್ಲಿ ಎನ್ನುತ್ತಾರೆ, ನೇತಾಜಿ ಬಂದದ್ದು 1943ರಲ್ಲಿ ಎನ್ನುತ್ತಾರೆ. ಯಾವುದು ಸರಿ? ನಮ್ಮ ಕಡೆಯವರು ಯಾರಾದರೂ ಇದ್ದರೇ? (ಮಡಿಕೇರಿ)

ಉತ್ತರ: ಎರಡೂ ಸರಿ. ಸಿಂಗಪುರ ಬಿದ್ದ ಎರಡು ದಿನಕ್ಕೆ, ಫೆಬ್ರವರಿ 17ರಂದು, ಅಲ್ಲಿನ ಫ್ಯಾರರ್ ಪಾರ್ಕ್ ಮೈದಾನದಲ್ಲಿ ಭಾರತೀಯ ಯುದ್ಧಕೈದಿಗಳನ್ನೆಲ್ಲ ಸೇರಿಸಿ ಬ್ರಿಟಿಷ್ ಅಧಿಕಾರಿ ಅವರನ್ನು ಜಪಾನೀಯರಿಗೆ ಒಪ್ಪಿಸಿಬಿಟ್ಟ. ಕ್ಯಾಪ್ಟನ್ ಮೋಹನ್ ಸಿಂಗ್ ಎದ್ದು ನಿಂತು ಸೈನ್ಯ ಕಟ್ಟುತ್ತೇನೆ ಎಂದದ್ದು ಅಲ್ಲಿ. ಆದರೆ ಜಪಾನೀಯರು ತನ್ನ ಸೈನ್ಯವನ್ನು ಕೈಗೊಂಬೆ ಮಾಡಿಕೊಳ್ಳುತ್ತಿದ್ದಾರೆ ಎಂದು ಅವನಿಗೆ ಅನಿಸತೊಡಗಿತು. ಜಗಳವಾಯಿತು. ಡಿಸೆಂಬರಿನಲ್ಲಿ ಅವನನ್ನೇ ಜಪಾನೀಯರು ಬಂಧಿಸಿದರು. ನೇತಾಜಿ ಆ ವರ್ಷ ಪೂರ್ತಿ ಯುರೋಪಿನಲ್ಲಿದ್ದರು. ಬರ್ಲಿನ್ ಕಡೆಯಿಂದ ರೇಡಿಯೊದಲ್ಲಿ ಮಾತಾಡುತ್ತಿದ್ದರು, ಮೇ ಕೊನೆಗೆ ಹಿಟ್ಲರನನ್ನು ಭೇಟಿ ಮಾಡಿದರು. ನವೆಂಬರಿನಲ್ಲಿ ವಿಯೆನ್ನಾದಲ್ಲಿ ಮಗಳು ಅನಿತಾ ಹುಟ್ಟಿದಳು. ಜಲಾಂತರ್ಗಾಮಿ ಹತ್ತಿ ಪೂರ್ವಕ್ಕೆ ಹೊರಟದ್ದು 1943ರ ಫೆಬ್ರವರಿಯಲ್ಲಿ. ಆಮೇಲೆ ಫೌಜನ್ನು ಮತ್ತೆ ಕಟ್ಟಿದರು.

ನಮ್ಮವರು ಇದ್ದರು. ಮೈಸೂರು ಸಂಸ್ಥಾನದ ಕಾಲಾಳು ಪಡೆಯೊಂದು ಸಿಂಗಪುರದಲ್ಲೇ ಸೆರೆಯಾಯಿತು. ಇದು ಬಹಳ ಕನ್ನಡಿಗರಿಗೆ ಗೊತ್ತೇ ಇಲ್ಲ. ನಿಮ್ಮ ಊರಿನ ಕೊಡಂದೇರ ಮನೆತನದ ಕಥೆಯಂತೂ ಬೇರೆಯೇ. ಅಣ್ಣ ಪೊನ್ನಪ್ಪ ಸಿಂಗಪುರದಲ್ಲಿ ಸೆರೆಸಿಕ್ಕಿ ಆಜಾದ್ ಹಿಂದ್ ಫೌಜು ಸೇರಿದರು. ತಮ್ಮ ಕೆ.ಎಸ್. ತಿಮ್ಮಯ್ಯ ಬ್ರಿಟಿಷ್ ಇಂಡಿಯನ್ ಸೇನೆಯಲ್ಲೇ ಉಳಿದು ಬರ್ಮಾದ ಕಡೆ ಜಪಾನೀಯರ ವಿರುದ್ಧ ಹೋರಾಡಿದರು, ಮುಂದೆ 1957ರಿಂದ 1961ರವರೆಗೆ ಸ್ವತಂತ್ರ ಭಾರತದ ಸೇನಾ ಮುಖ್ಯಸ್ಥರಾದರು. ಒಂದೇ ಮನೆಯ ಇಬ್ಬರು ಎರಡು ಕಡೆ. ಇದರಲ್ಲಿ ಯಾರು ಹೆಚ್ಚು ದೇಶಪ್ರೇಮಿ ಎಂದು ಅಳೆಯಲು ಹೋಗುವುದು ತಪ್ಪು ಎಂದೇ ನನಗೆ ಅನಿಸುತ್ತದೆ.

ಪ್ರಶ್ನೆ: ನಮ್ಮ ಮುತ್ತಜ್ಜ ರಂಗೂನಿನಲ್ಲಿ ಅಂಗಡಿ ಇಟ್ಟಿದ್ದರಂತೆ. ಯುದ್ಧದಲ್ಲಿ ಎಲ್ಲ ಬಿಟ್ಟು ನಡೆದೇ ಭಾರತಕ್ಕೆ ಬಂದರಂತೆ. ಅಷ್ಟು ದೂರ ನಡೆಯಲು ಆಗುತ್ತದಾ? (ಮಂಗಳೂರು)

ಉತ್ತರ: ಆಗುತ್ತದೆ, ನಡೆದಿದ್ದಾರೆ. ಒಬ್ಬಿಬ್ಬರಲ್ಲ, ಸುಮಾರು 5 ಲಕ್ಷ ಭಾರತೀಯರು ಆ ಕೆಲವೇ ತಿಂಗಳಲ್ಲಿ ಬರ್ಮಾ ಬಿಟ್ಟರು. 1941ರ ಡಿಸೆಂಬರ್ 23ರಂದು ರಂಗೂನ್ ಮೇಲೆ ಮೊದಲ ಬಾಂಬು ಬಿತ್ತು. ದುಡ್ಡಿದ್ದವರಿಗೆ ಮೊದಮೊದಲು ಹಡಗು ಸಿಕ್ಕಿತು. ಆಮೇಲೆ ಅದೂ ನಿಂತಿತು. ಉಳಿದವರಿಗೆ ಕಾಡು, ಬೆಟ್ಟ. ಕೆಲವರು ಅರಕಾನ್ ಬೆಟ್ಟ ದಾಟಿ ಚಿತ್ತಗಾಂಗ್ ಕಡೆ ಬಂದರು. ಬಹಳ ಜನ ಚಿಂದ್ವಿನ್ ನದಿ ದಾಟಿ ತಾಮು, ಇಂಫಾಲ್ ಮೂಲಕ ದಿಮಾಪುರದ ರೈಲು ಹಿಡಿದರು. ತಡವಾಗಿ ಹೊರಟವರ ಪಾಡು ಎಲ್ಲಕ್ಕಿಂತ ಕೆಟ್ಟದ್ದು. ಅವರು ಉತ್ತರದ ಹುಕಾಂಗ್ ಕಣಿವೆ ಹಿಡಿದು ಅಸ್ಸಾಮಿನ ಲೇಡೊ ಕಡೆ ಹೊರಟಾಗ ಮೇ ತಿಂಗಳ ಮಳೆ ಶುರುವಾಗಿತ್ತು. ಮೊಣಕಾಲುದ್ದ ಕೆಸರು, ಜಿಗಣೆ, ಮಲೇರಿಯಾ, ಕಾಲರಾ. ದಾರಿಯಲ್ಲೇ ಸತ್ತವರ ಲೆಕ್ಕ ಸರಿಯಾಗಿ ಯಾರೂ ಇಡಲಿಲ್ಲ, ಹತ್ತಾರು ಸಾವಿರ ಎನ್ನುವುದು ಮಾತ್ರ ಖಂಡಿತ.

ಬಿಳಿಯರಿಗೆ ಒಂದು ದಾರಿ, ಭಾರತೀಯರಿಗೆ ಇನ್ನೊಂದು ದಾರಿ ಎಂಬ ಭೇದ ಅಲ್ಲೂ ನಡೆಯಿತು. ಸೌಲಭ್ಯವಿದ್ದ ದಾರಿ ಯಾರಿಗೆ ಸಿಕ್ಕಿತು ಎಂದು ಬೇರೆ ಹೇಳಬೇಕಿಲ್ಲ. ಈ ನಿರಾಶ್ರಿತರು ತಂದ ಕಥೆ ಊರೂರಿಗೆ ಹಬ್ಬಿತು. ಗಾಂಧೀಜಿ, ನೆಹರೂ ಇಬ್ಬರೂ ಇದನ್ನು ಎತ್ತಿ ಆಡಿದರು. ಮೇಲೆ ಮೇಷ್ಟ್ರು ಕೇಳಿದ ಪ್ರಶ್ನೆಗೆ ನಿಮ್ಮ ಮುತ್ತಜ್ಜನೂ ಒಂದು ಉತ್ತರ ಎಂದು ತಿಳಿದುಕೊಳ್ಳಿ. ಇನ್ನೊಂದು ವಿಷಯ. ಬರ್ಮಾ ಹೋದದ್ದರಿಂದ ಅಲ್ಲಿಂದ ವರ್ಷವರ್ಷ ಬರುತ್ತಿದ್ದ ಅಕ್ಕಿಯೂ ನಿಂತಿತು. ಕಾಳಸಂತೆ, ಬೆಲೆಯೇರಿಕೆ, ಮುಂದೆ ರೇಷನ್ನು ಬರುವುದಕ್ಕೆ ಇದೊಂದು ದೊಡ್ಡ ಕಾರಣ. ಅತ್ತ ಬಿಜಾಪುರ ಜಿಲ್ಲೆಯಲ್ಲಿ ಮಳೆ ಕೈಕೊಟ್ಟು 1942-43ರಲ್ಲಿ ಬರ ಬಿತ್ತು. ಹೊರಗಿನಿಂದ ಧಾನ್ಯ ತರಿಸುವುದು ಎಂದಿಗಿಂತ ಕಷ್ಟವಾಗಿದ್ದ ಹೊತ್ತಿನಲ್ಲೇ ಆ ಬರ ಬಂತು.

ಪ್ರಶ್ನೆ: ಅಜ್ಜಿ ಹುಟ್ಟಿದ್ದು 1942ರ ನವೆಂಬರ್. ಅವರ ಹಳೇ ಜಾತಕಕ್ಕೂ ಈಗ ಕಂಪ್ಯೂಟರಿನಲ್ಲಿ ತೆಗೆಸಿದ್ದಕ್ಕೂ ಲಗ್ನವೇ ಬೇರೆ ಬರುತ್ತಿದೆ. ಯಾವುದೋ ‘ಯುದ್ಧದ ಟೈಮು’ ಇತ್ತು ಎಂದು ಒಬ್ಬರು ಹೇಳಿದರು. ನಿಜವೇ? (ಶಿರಸಿ)

ಉತ್ತರ: ನಿಜ. 1942ರ ಸೆಪ್ಟೆಂಬರ್ 1ರಿಂದ ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಿಟ್ಟರು. ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದ್ದ ನಮ್ಮ ಸಮಯ ಆರೂವರೆ ಗಂಟೆ ಮುಂದಾಯಿತು. ಹಗಲಿನ ಬೆಳಕನ್ನು ಹೆಚ್ಚು ಬಳಸಿಕೊಳ್ಳಬೇಕು ಎನ್ನುವುದು ಉದ್ದೇಶ. ಯುದ್ಧ ಮುಗಿದು 1945ರ ಅಕ್ಟೋಬರ್ 15ಕ್ಕೆ ಮತ್ತೆ ಹಿಂದಕ್ಕೆ ತಂದರು. ಅಂದರೆ ಆ ಮೂರು ವರ್ಷ ಚಿಲ್ಲರೆ ಅವಧಿಯಲ್ಲಿ ಹುಟ್ಟಿದವರ ಸಮಯವನ್ನು ಗಡಿಯಾರ ನೋಡಿ ಬರೆದಿದ್ದರೆ ಅದರಲ್ಲಿ ಒಂದು ಗಂಟೆ ಕಳೆಯಬೇಕು. ಒಂದು ಗಂಟೆ ಎಂದರೆ ಎರಡೂವರೆ ಗಳಿಗೆ, ಲಗ್ನ ಬದಲಾಗಲು ಅಷ್ಟು ಸಾಕು.

ಆದರೆ ಕಣ್ಣು ಮುಚ್ಚಿ ಕಳೆಯಬೇಡಿ. ಹಳ್ಳಿಗಳಲ್ಲಿ ಆಗ ಗಡಿಯಾರ ಇದ್ದ ಮನೆ ಎಷ್ಟು? ಹಳೇ ಜಾತಕದಲ್ಲಿ ‘ಉದಯಾದಿ ಗಳಿಗೆ’ ಎಂದು ಬರೆದಿದ್ದರೆ ಅದು ಸೂರ್ಯೋದಯದಿಂದ ಎಣಿಸಿದ ಲೆಕ್ಕ. ಸೂರ್ಯನಿಗೆ ಯುದ್ಧದ ಟೈಮು ಇಲ್ಲವಲ್ಲ, ಅದನ್ನು ಹಾಗೇ ಇಟ್ಟುಕೊಳ್ಳಿ. ಆಸ್ಪತ್ರೆಯ ಚೀಟಿ ಅಥವಾ ಅಪ್ಪನ ಡೈರಿಯಿಂದ ಬಂದ ಸಮಯವಾದರೆ ಮಾತ್ರ ಒಂದು ಗಂಟೆ ಕಳೆದು ನೋಡಿ. ಬಹುತೇಕ ಎರಡೂ ತಾಳೆಯಾಗುತ್ತವೆ.

ಪ್ರಶ್ನೆ: ಈಸೂರಿನ ಐವರನ್ನು ನೇಣಿಗೆ ಹಾಕಿದ್ದು ಬ್ರಿಟಿಷರು ಎಂದು ಭಾಷಣದಲ್ಲಿ ಕೇಳಿದೆ. ನಮ್ಮ ತಾತ ‘ಅಲ್ಲ, ಮೈಸೂರು ಸರ್ಕಾರ’ ಎನ್ನುತ್ತಿದ್ದರು. (ಶಿವಮೊಗ್ಗ)

ಉತ್ತರ: ತಾತ ಹೇಳಿದ್ದು ಸರಿ. ಶಿಕಾರಿಪುರ ತಾಲ್ಲೂಕು ಆಗ ಮೈಸೂರು ಸಂಸ್ಥಾನದಲ್ಲಿತ್ತು. ನಾಲ್ವಡಿಯವರು 1940ರಲ್ಲೇ ತೀರಿಕೊಂಡಿದ್ದರು. ಪಟ್ಟದಲ್ಲಿ ಇದ್ದವರು ಜಯಚಾಮರಾಜ ಒಡೆಯರು, ದಿವಾನರು ಎನ್. ಮಾಧವರಾವ್. ಬ್ರಿಟಿಷರ ನೆರಳು ಮೇಲಿತ್ತು, ನಿಜ. ಆದರೆ ಕೇಸು ನಡೆದದ್ದು, ಶಿಕ್ಷೆ ಆದದ್ದು, ಜೀವ ತೆಗೆದದ್ದು ಸಂಸ್ಥಾನದ ಸರ್ಕಾರದ ಹೆಸರಿನಲ್ಲಿ. ಇದನ್ನು ಮರೆಮಾಚಿ ಹೇಳಿದರೆ ಈಸೂರಿನವರ ಧೈರ್ಯ ಅರ್ಧ ಮಾತ್ರ ಅರ್ಥವಾಗುತ್ತದೆ. ಅವರು ದೂರದ ಬಿಳಿಯರನ್ನಷ್ಟೇ ಎದುರಿಸಲಿಲ್ಲ, ದಿನಾ ಕಾಣುವ ಅಮಲ್ದಾರರ (ಈಗಿನ ತಹಶೀಲ್ದಾರರ ಹಾಗೆ) ಕಚೇರಿಯನ್ನೂ ಎದುರಿಸಿದರು.

ಆದದ್ದು ಇಷ್ಟು. ಕಂದಾಯ ಕೊಡುವುದಿಲ್ಲ ಎಂದ ಊರು ಸೆಪ್ಟೆಂಬರಿನಲ್ಲಿ ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿ ತಾನು ಸ್ವತಂತ್ರ ಎಂದು ಘೋಷಿಸಿಕೊಂಡಿತು. ‘ಏಸೂರು ಕೊಟ್ಟರೂ ಈಸೂರು ಬಿಡೆವು’ ಎಂಬ ಮಾತು ಹುಟ್ಟಿದ್ದು ಆಗಲೇ. ತಮ್ಮದೇ ಸರ್ಕಾರ ಮಾಡಿಕೊಂಡು ಜಯಣ್ಣ ಎಂಬ ಹುಡುಗನನ್ನು ಅಮಲ್ದಾರನನ್ನಾಗಿ, ಮಲ್ಲಪ್ಪಯ್ಯ ಎಂಬ ಹುಡುಗನನ್ನು ಸಬ್ ಇನ್‌ಸ್ಪೆಕ್ಟರನನ್ನಾಗಿ ಕೂರಿಸಿದರು. ಬಂದ ಅಧಿಕಾರಿಗಳು ಗಾಂಧಿ ಟೋಪಿ ಹಾಕಿಕೊಳ್ಳಬೇಕು ಎನ್ನುವುದು ಊರಿನ ಕಾನೂನು. ತಿಂಗಳ ಕೊನೆಗೆ ಪೊಲೀಸರು ಬಲ ಸಮೇತ ಬಂದಾಗ ಲಾಠಿ, ಗುಂಡು, ಹೊಡೆದಾಟ ಎಲ್ಲ ಆಯಿತು. ಅಮಲ್ದಾರ್ ಚನ್ನಕೃಷ್ಣಪ್ಪ ಮತ್ತು ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಸತ್ತರು. ಅವರ ಹೆಸರನ್ನೂ ಬರೆಯುತ್ತಿದ್ದೇನೆ, ಯಾಕೆಂದರೆ ಅವರೂ ನಮ್ಮವರೇ, ಅವರಿಗೂ ಮನೆ ಮಠ ಇತ್ತು.

ಆಮೇಲೆ ಸೈನ್ಯ ನುಗ್ಗಿತು. ಮನೆಗಳು ಲೂಟಿಯಾದವು, ಜನ ಕಾಡು ಸೇರಿದರು. ಕೇಸು ನಡೆದು 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಈ ಐವರನ್ನು ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಹೆಂಗಸರೂ ಜೀವಾವಧಿ ಶಿಕ್ಷೆಗೆ ಗುರಿಯಾದರು. ಆ ಜೈಲಿನ ಜಾಗವೇ ಈಗಿನ ಫ್ರೀಡಂ ಪಾರ್ಕ್. ಬೆಂಗಳೂರಿನಲ್ಲಿ ಅಲ್ಲಿಗೆ ಧರಣಿಗೋ ಸಭೆಗೋ ಹೋಗುವವರು ಈ ಐದು ಹೆಸರನ್ನು ತಿಳಿದುಕೊಂಡೇ ಹೋಗಬೇಕು ಎಂಬುದು ನನ್ನ ಆಸೆ.

ಪ್ರಶ್ನೆ: ಕರ್ನಾಟಕ ಎಂದರೆ ಬರೀ ಈಸೂರು ಎನ್ನುತ್ತೀರಿ. ನಮ್ಮ ಕಡೆ ಏನೂ ಆಗಲಿಲ್ಲವೇ? (ಹುಬ್ಬಳ್ಳಿ)

ಉತ್ತರ: ಆಯಿತು, ಜಾಸ್ತಿಯೇ ಆಯಿತು. ನಿಮ್ಮ ಹುಬ್ಬಳ್ಳಿಯಲ್ಲೇ ಆಗಸ್ಟ್ ತಿಂಗಳಲ್ಲಿ ಪೊಲೀಸರ ಗುಂಡಿಗೆ ನಾರಾಯಣ ಡೋಣಿ ಎಂಬ ಶಾಲಾ ಹುಡುಗ ಬಲಿಯಾದ. ಉಮಾಬಾಯಿ ಕುಂದಾಪುರ ಅವರ ಮನೆ ಭೂಗತರಿಗೆ ಆಸರೆಯಾಗಿತ್ತು. ರಂಗನಾಥ ದಿವಾಕರರು ತಲೆಮರೆಸಿಕೊಂಡು ಚಳವಳಿ ನಡೆಸಿದರು, ಹೊರಬಂದದ್ದು 1944ರಲ್ಲಿ, ಅದೂ ಗಾಂಧೀಜಿ ಹೇಳಿದ ಮೇಲೆ. ಬೊಂಬಾಯಿ ಕರ್ನಾಟಕದ ಉದ್ದಕ್ಕೂ ತಂತಿ ಕತ್ತರಿಸುವುದು, ರೈಲು ನಿಲ್ದಾಣಗಳಿಗೆ ಬೆಂಕಿ ಹಾಕುವುದು, ಕಂದಾಯದ ಹಣ ಕಿತ್ತುಕೊಳ್ಳುವುದು ತಿಂಗಳುಗಟ್ಟಲೆ ನಡೆಯಿತು. ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ ಇದರ ಮುಂಚೂಣಿಯಲ್ಲಿದ್ದರು. 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದ ಕನ್ನಡಿಗ ಇವರೇ. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ದೇವಸ್ಥಾನದಲ್ಲಿಟ್ಟಿದ್ದ ಕಂದಾಯದ ಹಣಕ್ಕೆ ಕೈಹಾಕಿದಾಗ ಗುಂಡು ತಗುಲಿ ಸತ್ತರು. ಜೊತೆಗೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ.

ಬೆಂಗಳೂರಿನಲ್ಲಿ ಮಿಲ್ ಕಾರ್ಮಿಕರು ಬೀದಿಗಿಳಿದರು, ಕಾಲೇಜು ಹುಡುಗರು ಪುಸ್ತಕ ಬಿಸಾಕಿ ಬಂದರು. ಗೌರಿಬಿದನೂರಿನ ಹೊಸೂರಿನಿಂದ ಬಂದು ಭೌತಶಾಸ್ತ್ರ ಓದುತ್ತಿದ್ದ ಎಚ್. ನರಸಿಂಹಯ್ಯ ಓದು ಬಿಟ್ಟು ಜೈಲು ಸೇರಿದರು, ಎಷ್ಟೋ ವರ್ಷದ ನಂತರ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಎಚ್.ಎಸ್. ದೊರೆಸ್ವಾಮಿಯವರ ಗುಂಪು ಅಂಚೆ ಪೆಟ್ಟಿಗೆಯಲ್ಲಿ, ದಾಖಲೆ ಕೋಣೆಗಳಲ್ಲಿ ಸಣ್ಣ ಟೈಮ್ ಬಾಂಬು ಇಟ್ಟು ಸರ್ಕಾರದ ಕಾಗದ ಸುಡುತ್ತಿತ್ತು. ಅವರಿಗೆ 14 ತಿಂಗಳು ಜೈಲು. ಅದೇ ದೊರೆಸ್ವಾಮಿಯವರು ನೂರು ದಾಟಿದ ಮೇಲೂ ಧರಣಿಯಲ್ಲಿ ಕೂರುತ್ತಿದ್ದುದನ್ನು ನಮ್ಮಲ್ಲಿ ಬಹಳ ಜನ ನೋಡಿದ್ದೇವೆ, ಅಲ್ವಾ? 2021ರಲ್ಲಿ 103ನೇ ವಯಸ್ಸಿಗೆ ಹೋದರು.

ಪ್ರಶ್ನೆ: ಸರ್, ನಾನು ಒಂಬತ್ತನೇ ಕ್ಲಾಸು. 1942ರಲ್ಲಿ ಯುದ್ಧ ತಿರುಗಿದ್ದು ಯಾವ ಕದನದಿಂದ? ಆನ್ ಫ್ರಾಂಕ್ ಡೈರಿ ಬರೆದದ್ದೂ ಆಗಲೇ ಅಲ್ವಾ? (ತುಮಕೂರು)

ಉತ್ತರ: ಮೂರು ಹೆಸರು ನೆನಪಿಟ್ಟುಕೋ ಮರಿ. ಜೂನ್ ಮೊದಲ ವಾರದಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ, ಅಲ್ಲಿ ಜಪಾನ್ ನಾಲ್ಕು ವಿಮಾನವಾಹಕ ಹಡಗು ಕಳೆದುಕೊಂಡಿತು. ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಈಜಿಪ್ಟಿನ ಎಲ್ ಅಲಮೀನ್, ಅಲ್ಲಿ ಜರ್ಮನ್ ಸೇನಾಪತಿ ರೋಮೆಲ್ ಹಿಂದೆ ಸರಿದ. ಭಾರತದ ನಾಲ್ಕನೇ ಡಿವಿಷನ್ನೂ ಆ ಕದನದಲ್ಲಿತ್ತು. ನವೆಂಬರ್ 19ರಿಂದ ರಷ್ಯನ್ನರು ಸ್ಟಾಲಿನ್‌ಗ್ರಾಡ್‌ನಲ್ಲಿದ್ದ ಜರ್ಮನ್ ಸೈನ್ಯವನ್ನು ಸುತ್ತುವರಿದರು. ಒಂದೇ ಹೇಳು ಎಂದರೆ ನಾನು ಸ್ಟಾಲಿನ್‌ಗ್ರಾಡ್ ಎನ್ನುತ್ತೇನೆ.

ಆನ್ ಫ್ರಾಂಕ್ ವಿಷಯ ಸರಿ. ಜೂನ್ 12ಕ್ಕೆ ಹದಿಮೂರು ತುಂಬಿದಾಗ ಅವಳಿಗೆ ಡೈರಿ ಸಿಕ್ಕಿತು. ಜುಲೈ 6ಕ್ಕೆ ಮನೆಯವರ ಜೊತೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಡಗಿಕೊಂಡಳು. ಅದೇ ವರ್ಷದ ಜನವರಿ 20ಕ್ಕೆ ಬರ್ಲಿನ್ ಹತ್ತಿರ ಕೆರೆದಂಡೆಯ ಬಂಗಲೆಯೊಂದರಲ್ಲಿ 15 ಜನ ನಾತ್ಸಿ ಅಧಿಕಾರಿಗಳು ಕೂತು ಯುರೋಪಿನ ಯಹೂದ್ಯರನ್ನು ಪೂರ್ತಿ ಮುಗಿಸುವ ಏರ್ಪಾಟು ಮಾತಾಡಿದ್ದರು. ಕಡತ, ಪಟ್ಟಿ, ಇಲಾಖೆ ಎಲ್ಲ ಇಟ್ಟುಕೊಂಡು, ಯಾವುದೋ ಕಚೇರಿ ಕೆಲಸ ಎಂಬಂತೆ. ಓದಿದರೆ ಮೈ ನಡುಗುತ್ತದೆ.

ನೀನು ಕೇಳದೇ ಇರುವ ಒಂದು ಹೆಸರನ್ನೂ ಹೇಳುತ್ತೇನೆ. ಪೋಲೆಂಡಿನ ವಾರ್ಸಾ ನಗರದಲ್ಲಿ ಯಾನುಷ್ ಕೊರ್ಚಾಕ್ ಎಂಬ ಮಕ್ಕಳ ಡಾಕ್ಟರು ಯಹೂದಿ ಅನಾಥಾಲಯ ನಡೆಸುತ್ತಿದ್ದರು. ನಾತ್ಸಿಗಳು ಯಹೂದ್ಯರನ್ನೆಲ್ಲ ಗೋಡೆ ಕಟ್ಟಿದ ಒಂದೇ ಕೇರಿಯಲ್ಲಿ ಕೂಡಿಹಾಕಿದ್ದರು. ಅಲ್ಲಿ ಹಸಿವು, ಕಾಯಿಲೆ, ಸಾವು. 1942ರ ಜುಲೈ 18ರಂದು ಕೊರ್ಚಾಕ್ ತಮ್ಮ ಮಕ್ಕಳಿಂದ ನಮ್ಮ ರವೀಂದ್ರನಾಥ ಠಾಕೂರರ ‘ಡಾಕ್ ಘರ್’ ನಾಟಕ ಆಡಿಸಿದರು. ಕಾಯಿಲೆಯ ಹುಡುಗನೊಬ್ಬ ಕಿಟಕಿಯಲ್ಲಿ ಕೂತು ರಾಜನ ಪತ್ರಕ್ಕೆ ಕಾಯುವ ಕಥೆ ಅದು. ಸಾವನ್ನು ಹೆದರದೆ ಎದುರುಗೊಳ್ಳಲು ಮಕ್ಕಳು ಕಲಿಯಲಿ ಎಂದು ಆ ನಾಟಕವನ್ನು ಆರಿಸಿದರಂತೆ. ನಾಲ್ಕು ದಿನಕ್ಕೆ, ಜುಲೈ 22ರಿಂದ, ಕೇರಿಯ ಜನರನ್ನು ರೈಲಿಗೆ ತುಂಬಿ ತ್ರೆಬ್ಲಿಂಕಾ ಎಂಬ ಕೊಲ್ಲುವ ಜಾಗಕ್ಕೆ ಸಾಗಿಸತೊಡಗಿದರು. ಆಗಸ್ಟ್ ಮೊದಲ ವಾರ ಅನಾಥಾಲಯದ ಸರದಿ ಬಂತು. ತಪ್ಪಿಸಿಕೊಳ್ಳಲು ಕೊರ್ಚಾಕರಿಗೆ ಅವಕಾಶ ಇತ್ತು. ಅವರು ಒಪ್ಪಲಿಲ್ಲ. ಸುಮಾರು 200 ಮಕ್ಕಳ ಜೊತೆ ಅವರೂ ರೈಲು ಹತ್ತಿದರು. ಅದೇ ವಾರ ಬೊಂಬಾಯಿಯಲ್ಲಿ ಚಲೇಜಾವ್ ನಿರ್ಣಯಕ್ಕೆ ಪೆಂಡಾಲು ಏಳುತ್ತಿತ್ತು. ನಿಮ್ಮ ಶಾಲೆಯಲ್ಲಿ ನಾಟಕ ಮಾಡುವಾಗ ಮೇಷ್ಟ್ರಿಗೆ ‘ಡಾಕ್ ಘರ್’ ಹೆಸರು ಹೇಳಿ ನೋಡು.

ಪ್ರಶ್ನೆ: ಕೊಲ್ಲಾಪುರದ ಹತ್ತಿರ ವಳಿವಡೆಯಲ್ಲಿ ಪೋಲೆಂಡಿನ ಜನ ಇದ್ದರು ಎನ್ನುತ್ತಾರೆ. ಅದೂ 1942ರ ಕಥೆಯೇ? (ನಿಪ್ಪಾಣಿ)

ಉತ್ತರ: ಶುರುವಾದದ್ದು 1942ರಲ್ಲಿ, ಆದರೆ ಗುಜರಾತಿನಲ್ಲಿ. ರಷ್ಯಾ ಗಡೀಪಾರು ಮಾಡಿದ್ದ ಪೋಲಿಷ್ ಕುಟುಂಬಗಳ ಅನಾಥ ಮಕ್ಕಳು ಊಟವಿಲ್ಲದೆ ಅಲೆಯುತ್ತಿದ್ದಾಗ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಅವರನ್ನು ಕರೆಸಿಕೊಂಡು ಬಾಲಾಚಡಿಯಲ್ಲಿ ಮನೆ ಕಟ್ಟಿಕೊಟ್ಟರು. ನೂರಾರು ಮಕ್ಕಳು ಅಲ್ಲಿ ಬೆಳೆದರು. ನಿಮ್ಮ ಪಕ್ಕದ ವಳಿವಡೆಯ ಶಿಬಿರ ಮರುವರ್ಷ ಬಂತು. ಅದು ದೊಡ್ಡದು, ಹೆಂಗಸರು ಮಕ್ಕಳು ಸೇರಿ ಸಾವಿರಾರು ಜನ. ಯುದ್ಧ ಮುಗಿದ ಮೇಲೂ ಕೆಲವು ವರ್ಷ ಇದ್ದರು. ವಾರ್ಸಾದಲ್ಲಿ ಜಾಮ್ ಸಾಹೇಬರ ನೆನಪಿಗೆ ‘ಒಳ್ಳೆಯ ಮಹಾರಾಜ’ ಎಂಬ ಚೌಕವೇ ಇದೆ.

ಪ್ರಶ್ನೆ: ಎಚ್‌ಎಎಲ್ ಆ ವರ್ಷ ಯುದ್ಧವಿಮಾನ ಮಾಡಿತ್ತೇ? (ಬೆಂಗಳೂರು)

ಉತ್ತರ: ಹೌದು, ಅಮೆರಿಕದ ವಿನ್ಯಾಸದ ಹಾಕ್ ವಿಮಾನ ಜೋಡಿಸಿ 1942ರ ಜುಲೈನಲ್ಲಿ ಹಾರಿಸಿದರು. ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಕಾರ್ಖಾನೆ ಶುರು ಮಾಡಿದ್ದು 1940ರ ಡಿಸೆಂಬರಿನಲ್ಲಿ. ಮೊದಲ ತರಬೇತಿ ವಿಮಾನ ಹಾರ್ಲೋ 1941ರ ಆಗಸ್ಟಿನಲ್ಲೇ ಹಾರಿತ್ತು. ಆದರೆ ಜಪಾನ್ ಹತ್ತಿರ ಬಂದ ಮೇಲೆ ಲೆಕ್ಕ ಬದಲಾಯಿತು. 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದರ ಪಾಲು ಕೊಂಡಿತು, ಮೈಸೂರು ತನ್ನ ಪಾಲು ಬಿಡಲಿಲ್ಲ. ಹೊಸ ವಿಮಾನ ಕಟ್ಟುವುದು ಹಿಂದೆ ಸರಿದು ರಿಪೇರಿಯೇ ಮುಖ್ಯ ಕೆಲಸವಾಯಿತು. ಮರುವರ್ಷ ಅಮೆರಿಕದ ವಾಯುಸೇನೆ ನಡೆಸಲು ತೆಗೆದುಕೊಂಡಿತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ರಿಪೇರಿಗೆಂದು ಬೆಳ್ಳಂದೂರು ಕೆರೆಗೆ ಬಂದು ಇಳಿಯುತ್ತಿದ್ದವು. ಈಗಿನ ಆ ಕೆರೆ ನೋಡಿದವರು ನಂಬುವುದು ಕಷ್ಟ, ಆದರೂ ನಿಜ.

ಪ್ರಶ್ನೆ: 1942ರಲ್ಲಿ ಹುಟ್ಟಿದ ದೊಡ್ಡವರು ಯಾರು? (ಬೀದರ್)

ಉತ್ತರ: ನಿಮ್ಮ ಜಿಲ್ಲೆಯ ವರವಟ್ಟಿಯಲ್ಲೇ ಜುಲೈ 21ಕ್ಕೆ ಮಲ್ಲಿಕಾರ್ಜುನ ಖರ್ಗೆ. ಅಕ್ಟೋಬರ್ 11ಕ್ಕೆ ಅಮಿತಾಭ್ ಬಚ್ಚನ್, ಡಿಸೆಂಬರ್ 29ಕ್ಕೆ ರಾಜೇಶ್ ಖನ್ನಾ. ಹೊರಗೆ ಸ್ಟೀಫನ್ ಹಾಕಿಂಗ್, ಮುಹಮ್ಮದ್ ಅಲಿ, ಪಾಲ್ ಮ್ಯಾಕಾರ್ಟ್ನಿ.

ಪ್ರಶ್ನೆ: ನಮ್ಮ ಅಜ್ಜ 1942ರಲ್ಲಿ ಜೈಲಿಗೆ ಹೋಗಿದ್ದರು ಎಂದು ಮನೆಯಲ್ಲಿ ಹೇಳುತ್ತಾರೆ, ದಾಖಲೆ ಏನೂ ಇಲ್ಲ. ಎಲ್ಲಿ ಹುಡುಕಬೇಕು? (ರಾಣೆಬೆನ್ನೂರು)

ಉತ್ತರ: ಮೊದಲು ಆಗ ನಿಮ್ಮ ಊರು ಯಾರ ಆಳ್ವಿಕೆಯಲ್ಲಿತ್ತು ಎಂದು ತಿಳಿದುಕೊಳ್ಳಿ. ಕನ್ನಡ ನಾಡು ಆಗ ಹರಿದು ಹಂಚಿಹೋಗಿತ್ತು, ಕಾಗದಗಳೂ ಹಾಗೇ ಹಂಚಿಹೋಗಿವೆ. ರಾಣೆಬೆನ್ನೂರು ಬೊಂಬಾಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಹಾಗಾಗಿ ಧಾರವಾಡದಲ್ಲಿ ಕೇಳಿ, ಅಲ್ಲಿ ಸಿಗದಿದ್ದರೆ ಮುಂಬೈನ ಸರ್ಕಾರಿ ಪತ್ರಾಗಾರ. ಮೈಸೂರು ಸಂಸ್ಥಾನದ ಊರಿನವರು ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಮಂಗಳೂರು, ಬಳ್ಳಾರಿಯವರದ್ದು ಮದ್ರಾಸು. ಬೀದರ್, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದು. ಅಜ್ಜನನ್ನು ಯಾವ ಜೈಲಿನಲ್ಲಿಟ್ಟಿದ್ದರು ಎಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಈ ಕಡೆಯವರನ್ನು ಹಿಂಡಲಗಾ, ಯರವಡಾ ಜೈಲುಗಳಿಗೆ ಕಳಿಸುತ್ತಿದ್ದರು.

ಅಜ್ಜ ಪಿಂಚಣಿಗೆ ಅರ್ಜಿ ಹಾಕಿದ್ದರೇ ಎಂದೂ ಮನೆಯ ಹಿರಿಯರನ್ನು ವಿಚಾರಿಸಿ. 1972ರಲ್ಲಿ ಕೇಂದ್ರದ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಬಂದಾಗ ಜೈಲಿನಲ್ಲಿದ್ದ ಬಗ್ಗೆ ಪ್ರಮಾಣಪತ್ರ ಕೊಡಬೇಕಿತ್ತು, ಸಾಮಾನ್ಯವಾಗಿ ಆರು ತಿಂಗಳಾದರೂ ಒಳಗಿದ್ದಿರಬೇಕಿತ್ತು. ಅರ್ಜಿ ಹಾಕಿದ್ದರೆ ಆ ಫೈಲಿನಲ್ಲಿ ಕೈದಿ ನಂಬರು, ತಾರೀಖು, ಜೊತೆಗಿದ್ದವರ ಹೇಳಿಕೆ ಎಲ್ಲ ಇರುವ ಸಾಧ್ಯತೆ ಇದೆ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಹೆಸರು, ಊರು, ತಂದೆಯ ಹೆಸರು ಬರೆದು ಮಾಹಿತಿ ಹಕ್ಕಿನ ಅರ್ಜಿ ಕೊಡಿ. ಅಡ್ಡಹೆಸರು ಬೇರೆ ಬೇರೆ ರೀತಿ ಬರೆದಿರುತ್ತಾರೆ, ಎಲ್ಲ ರೂಪವನ್ನೂ ಅರ್ಜಿಯಲ್ಲಿ ಸೇರಿಸುವುದನ್ನು ಮರೆಯಬೇಡಿ.